ಬಾಡಿಗೆಯ ಮನೆಯ ಸುಣ್ಣ-ಕಾರಣೆ

ಸಂಸ್ಕೃತಭಾಷೆಯಲ್ಲಿ ‘ಸುಧಾ’ ಎಂಬ ಶಬ್ದಕ್ಕೆ ಅಮೃತವೆಂಬ ಅರ್ಥವಿರುವಂತೆಯೇ ಸುಣ್ಣವೆಂಬ ಅರ್ಥವೂ ಉಂಟು. ಸುಧೆಯ ಲೇಪವುಳ್ಳದ್ದು ಸೌಧ. ಅರಮನೆಯನ್ನೂ ಮಹಾಗೃಹವನ್ನೂ ಸೂಚಿಸುವ ಈ ಮಾತು ಕಲ್ಲಿನಿಂದಾಗಲಿ ಮರದಿಂದಾಗಲಿ ಹುಟ್ಟದೆ, ಗೋಡೆಯ ಮೇಲೆ ಬಳಿದ ಒಂದು ತೆಳ್ಳನೆಯ ಬಿಳಿಯ ಪದರದಿಂದ ಹುಟ್ಟಿತೆಂಬುದು ವಿಚಾರಯೋಗ್ಯವಾದ ಸಂಗತಿ. 1956ರಲ್ಲಿ ಪೂರ್ಣವಾದ ಬೆಂಗಳೂರಿನ ವಿಧಾನಸೌಧವು ಕಲ್ಲಿನ ಮೈಯನ್ನೇ ತೋರಿಸಿಕೊಂಡು ನಿಂತಿದ್ದರೂ ಹೆಸರಿನಲ್ಲಿ ಸುಣ್ಣವನ್ನು ಹೊತ್ತುಕೊಂಡಿರುವುದು. ಕನ್ನಡದ ‘ಸುಣ್ಣ’ವಾದರೋ ‘ಚೂರ್ಣ’ ಶಬ್ದದ ತದ್ಭವ. ಹೀಗೆ ಗೋಡೆಗೆ ಬಳಿಯುವ ಅತ್ಯಂತ ಅಗ್ಗವಾದ ವಸ್ತುವೇ ಭಾಷೆಯಲ್ಲಿ ಅಮೃತದೊಡನೆ ಹೆಸರನ್ನು ಹಂಚಿಕೊಂಡು ಕುಳಿತಿದೆ.

ಸ್ವಂತ ಮನೆಯ ಗೋಡೆಗೆ ಯಾವ ಬಣ್ಣವನ್ನು ಬಳಿಯಬೇಕೆಂಬುದು ಯಜಮಾನನ ಅಭಿರುಚಿಗೂ ಅವನ ಗೃಹಿಣಿಯ ಇಚ್ಛೆಗೂ ಸೇರಿದ ವಿಷಯ. ಅದನ್ನು ಕುರಿತು ಇತರರು ಹೇಳಬೇಕಾದುದೇನೂ ಇಲ್ಲ. ಬಾಡಿಗೆಗೆ ಕೊಡುವ ಮನೆಯ ಗೋಡೆಯ ಸ್ಥಿತಿಯು ಹಾಗಲ್ಲ. ಅದಕ್ಕೆ ಇಬ್ಬರು ಒಡೆಯರು: ಕಟ್ಟಿಸಿದವನೊಬ್ಬ, ಅದರ ನಡುವೆ ಬಾಳುವವನೊಬ್ಬ. ಬಣ್ಣವನ್ನು ಆರಿಸುವವನು ಅದನ್ನು ದಿನವೂ ನೋಡುವುದಿಲ್ಲ. ದಿನವೂ ನೋಡುವವನು ಅದನ್ನು ಆರಿಸಲಿಲ್ಲ. ಈ ಇಬ್ಬರ ನಡುವಣ ನ್ಯಾಯವು ಗೋಡೆಯ ಮೇಲಿನ ಲೇಪವನ್ನು ಎಷ್ಟರಮಟ್ಟಿಗೆ ಆಶ್ರಯಿಸಿದೆಯೆಂಬುದನ್ನು ಶಿವಮೊಗ್ಗೆಯ ಸೀಮೆಯ ಮನೆಗಳ ಚರಿತ್ರೆಯು ಚೆನ್ನಾಗಿ ತೋರಿಸಿಕೊಡುವುದು.

ಶಿವಮೊಗ್ಗೆಯಿಂದ ಸಾಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಆಯನೂರು ಒಂದು ಹೋಬಳಿಯ ಊರು. ರಿಪ್ಪನ್‌ಪೇಟೆ, ಹೊಸನಗರಗಳ ಕಡೆಯ ದಾರಿ ಇಲ್ಲಿಂದಲೇ ಕವಲೊಡೆಯುವುದು. ಬಯಲುಸೀಮೆಯು ಮುಗಿದು ಮಲೆನಾಡು ಮೊದಲಾಗುವ ಮಗ್ಗುಲು ಇದು. ಇಂಥ ಊರುಗಳಲ್ಲಿ ಸ್ವಂತ ಮನೆಯಿಲ್ಲದೆ ಬಂದು ಸೇರುವವರು ಯಾವಾಗಲೂ ಇರುತ್ತಾರೆ: ವರ್ಗವಾಗಿ ಬಂದ ಉಪಾಧ್ಯಾಯರು, ಸರಕಾರದ ನೌಕರರು, ಅಂಗಡಿಯನ್ನಿಟ್ಟವರು, ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಹಳ್ಳಿಯಿಂದ ಬಂದವರು. ಅವರು ಬಂದು ಸೇರುವ ಗೋಡೆಗೆ ಶತ್ರುಗಳು ಹಲವರು. ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಬೀಳುವ ಮಳೆಯ ಥಂಡಿ, ಅಡಿಪಾಯದಿಂದ ಮೇಲಕ್ಕೇರುವ ತೇವ, ಒಲೆಯ ಹೊಗೆ, ದೇವರ ಮುಂದಣ ದೀಪದ ಮಸಿ, ಗೆದ್ದಲು, ತಲೆಗೆ ಎಣ್ಣೆ ಹಚ್ಚಿಕೊಂಡು ಗೋಡೆಗೆ ಒರಗುವವರ ಗುರುತು, ಮಕ್ಕಳ ಕೈ. ಇವುಗಳಲ್ಲಿ ಮೊದಲನೆಯ ಎರಡು ಮನೆಯ ದೋಷಗಳು. ಉಳಿದವುಗಳಲ್ಲಿ ಬಹುಭಾಗ ಬಾಳಿನ ಗುರುತುಗಳು. ಯಾವುದು ಮನೆಯ ದೋಷ, ಯಾವುದು ಬಾಳಿನ ಗುರುತು ಎಂಬ ವಿವೇಚನೆಯು ತಪ್ಪಿದೆಡೆಯಲ್ಲಿಯೇ ಯಜಮಾನನಿಗೂ ಒಕ್ಕಲಿಗೂ ಜಗಳ ಹುಟ್ಟುವುದು.

ಗೋಡೆಯ ಲೇಪವನ್ನು ಕುರಿತ ಶಾಸ್ತ್ರವು ಈ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ದೊರೆಯಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ, ಎಂದರೆ ‘ಅಭಿಲಷಿತಾರ್ಥಚಿಂತಾಮಣಿ’ಯಲ್ಲಿ, ಚಿತ್ರ ಬರೆಯುವ ಭಿತ್ತಿಯನ್ನು ಸಿದ್ಧಪಡಿಸುವ ವಿಧಾನವು ವಿಸ್ತಾರವಾಗಿ ಹೇಳಲ್ಪಟ್ಟಿದೆ. ಮೊದಲು ಗೋಡೆಯನ್ನು ಸುಧೆಯಿಂದ ಸಮಮಾಡಿ ನಯಗೊಳಿಸಬೇಕು. ಎಮ್ಮೆಯ ಚರ್ಮವನ್ನು ಕುದಿಸಿ ತೆಗೆದ ವಜ್ರಲೇಪವೆಂಬ ಅಂಟನ್ನು ಬಿಳಿಯ ಮಣ್ಣಿನೊಡನೆ ಕೂಡಿಸಿ ಮೂರು ಸಲ ಬಳಿಯಬೇಕು. ಒಣಗಿದ ಮೇಲಲ್ಲದೆ ಬಣ್ಣದ ಮಾತಿಲ್ಲ. ಶಂಖದ ಬಿಳಿ, ಗೈರಿಕದ ಕೆಂಪು, ಹರಿತಾಳದ ಹಳದಿ, ಕಜ್ಜಲದ ಕಪ್ಪು ಮೊದಲಾದುವು ಆಮೇಲೆ ಬರತಕ್ಕವು. ಈ ಗ್ರಂಥದ ಮೊದಲನೆಯ ಭಾಗವನ್ನು ಮೈಸೂರಿನ ಪ್ರಾಚ್ಯಗ್ರಂಥಾಲಯದವರು ಆರ್. ಶಾಮಶಾಸ್ತ್ರಿಗಳ ಸಂಪಾದಕತ್ವದಲ್ಲಿ 1926ರಲ್ಲಿ ಪ್ರಕಟಿಸಿದರು. ಶಿವಮೊಗ್ಗೆಯ ಸೀಮೆಯಲ್ಲಿಯೇ ರಾಜ್ಯವಾಳಿದ ಕೆಳದಿಯ ಬಸವಪ್ಪನಾಯಕನು 1709ರಲ್ಲಿ ಮುಗಿಸಿದ ‘ಶಿವತತ್ತ್ವರತ್ನಾಕರ’ವೆಂಬ ಸಕಲಕಲಾಸಂಗ್ರಹದಲ್ಲಿಯೂ ಚಿತ್ರಕರ್ಮಕ್ಕೆ ಸ್ಥಾನವುಂಟು. ಅರಮನೆ ದೇವಾಲಯಗಳಿಗಾಗಿ ಹುಟ್ಟಿದ ಈ ಶಾಸ್ತ್ರದಿಂದ ಸಾಮಾನ್ಯಗೃಹಸ್ಥನು ಕಲಿಯಬೇಕಾದುದು ಒಂದೇ: ಭಿತ್ತಿಯ ಸಂಸ್ಕಾರವು ಮೊದಲು, ವರ್ಣವು ಅನಂತರ. ತೇವವಿರುವ ಗೋಡೆಯನ್ನು ಬಣ್ಣದಿಂದ ಮುಚ್ಚಿ ಬಾಡಿಗೆಗೆ ಕೊಡುವ ಇಂದಿನ ಪದ್ಧತಿಯನ್ನು ಸೋಮೇಶ್ವರನ ಕಾಲದ ಚಿತ್ರಕಾರನು ಒಪ್ಪುತ್ತಿರಲಿಲ್ಲ.

ಹಳ್ಳಿಯ ಮನೆಗಳಲ್ಲಿ ಶಾಸ್ತ್ರಗ್ರಂಥದ ಹಂಗಿಲ್ಲದೆಯೇ ಇದಕ್ಕೆ ಸಮಾನವಾದ ಕ್ರಮವೊಂದು ಬೆಳೆದಿತ್ತು. ಮಣ್ಣಿನ ಗೋಡೆಯನ್ನು ಸೆಗಣಿಯಿಂದ ಸಾರಿಸಿ, ಕೆಮ್ಮಣ್ಣನ್ನೋ ಜೇಡಿಯನ್ನೋ ಬಳಿಯುವುದು ಮನೆಯ ಹೆಂಗಸರ ಕೆಲಸವಾಗಿತ್ತು. ಸಾಗರ, ಸೊರಬ, ಶಿವಮೊಗ್ಗೆಗಳ ಕಡೆಯ ದೀವರ ಮನೆಗಳ ಹಸೆಚಿತ್ತಾರವು ಈ ಕ್ರಮದ ಅತ್ಯಂತ ಸುಂದರವಾದ ಫಲ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಯ ಹಿಟ್ಟಿನ ಬಿಳಿ, ಹುರಿದು ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಇವುಗಳನ್ನು ಪುಂಡಿನಾರಿನ ಕುಂಚದಿಂದ ಎಳೆಯುತ್ತಾರೆ. ಭೂಮಿಹುಣ್ಣಿಮೆಯ ಬುಟ್ಟಿಗೂ ಇದೇ ಕೆಮ್ಮಣ್ಣು, ಇದೇ ಚಿತ್ತಾರ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಈ ಲೇಪಗಳಲ್ಲಿ ಯಾವುದೂ ಶಾಶ್ವತವಾಗಿರಬೇಕೆಂದು ಯಾರೂ ಬಯಸಲಿಲ್ಲ. ಮಳೆಗಾಲವು ಗೋಡೆಯನ್ನು ಕೆಡಿಸುವುದು, ಹಬ್ಬವು ಅದನ್ನು ಸರಿಪಡಿಸುವುದು. ಮಳೆಯು ಹಿಂದೆಗೆದ ಮೇಲೆ ಬರುವ ದೀಪಾವಳಿಯು ಈ ಸೀಮೆಯವರಿಗೆ ‘ದೊಡ್ಡಹಬ್ಬ’ವಾದುದಕ್ಕೆ ಇರುವ ಕಾರಣಗಳು ಹಲವು, ಮನೆಯ ಮೈಯೆಲ್ಲ ಹೊಸದಾಗುವ ಕಾಲವೆಂಬುದೂ ಅದರ ಸಂಭ್ರಮಕ್ಕೆ ಸೇರಿದೆ.

‘ಸುಣ್ಣ-ಕಾರಣೆ’ ಎಂಬ ಜೋಡಿಮಾತಿನಲ್ಲಿ ಆ ಕಾಲದ ವಿವೇಕವೆಲ್ಲ ಅಡಗಿದೆ. ಗೋಡೆಯ ಮೇಲ್ಭಾಗಕ್ಕೆ ಸುಣ್ಣ. ಬುಡದಲ್ಲಿ ಮೊಳವೋ ಎರಡು ಮೊಳವೋ ಎತ್ತರಕ್ಕೆ ಕೆಮ್ಮಣ್ಣಿನ ಕಾರಣೆ. ನೆಲವನ್ನು ಸಾರಿಸುವಾಗ ಸಿಡಿಯುವ ಕೊಳೆ, ಕಾಲಿನ ಧೂಳು, ಬುಡದ ತೇವದ ಕಲೆ ಇವೆಲ್ಲವೂ ಬೀಳುವುದು ಆ ಕೆಳಗಣ ಪಟ್ಟಿಯ ಮೇಲೆ. ಬಿಳಿಯ ಬಣ್ಣವನ್ನು ಬೆಳಕಿಗಾಗಿ, ಕೆಂಪನ್ನು ಕೊಳೆಗಾಗಿ ಹಂಚಿಟ್ಟ ಈ ಏರ್ಪಾಡನ್ನು ನೋಡಿದರೆ, ಅಂದಿನವರು ಅಲಂಕಾರವನ್ನೂ ಉಪಯೋಗವನ್ನೂ ಬೇರೆಬೇರೆಯಾಗಿ ಎಣಿಸುತ್ತಿರಲಿಲ್ಲವೆಂದು ಸ್ಪಷ್ಟವಾಗುವುದು. ಇಂದಿನ ಶಾಲೆಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಗೋಡೆಯ ಕೆಳಭಾಗಕ್ಕೆ ಎಣ್ಣೆಯ ಬಣ್ಣವನ್ನೂ ಮೇಲ್ಭಾಗಕ್ಕೆ ತಿಳಿಬಣ್ಣವನ್ನೂ ಬಳಿಯುವರಷ್ಟೆ. ಅದು ಹಳೆಯ ಕಾರಣೆಯ ಹೊಸ ಅವತಾರವೇ ಸರಿ.

ಸುಣ್ಣದ ಗುಣವನ್ನು ಸ್ವಲ್ಪ ವಿವರಿಸಬೇಕು. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಂಟಿಗ್ರೇಡಿನ ಉಷ್ಣಕ್ಕೆ ಸುಟ್ಟರೆ ಅದರೊಳಗಣ ಇಂಗಾಲದ ಅನಿಲವು ಹೊರಟುಹೋಗಿ ಸುಟ್ಟಸುಣ್ಣವು ಉಳಿಯುವುದು. ಕರಾವಳಿಯಲ್ಲಿ ಕಲ್ಲಿಗೆ ಬದಲಾಗಿ ಚಿಪ್ಪನ್ನು ಸುಡುವರು. ನೀರನ್ನು ಹೊಯ್ದರೆ ಅದು ಕುದಿದು ಅರಳುವುದು. ಅರಳಿದ ಸುಣ್ಣವನ್ನು ಸೋಸಿ, ಅಂಟಿಗಾಗಿ ಗೋಂದನ್ನೋ ಗಂಜಿಯನ್ನೋ ಬೆಲ್ಲದ ನೀರನ್ನೋ ಸೇರಿಸಿ, ಬಿಳುಪು ಹೆಚ್ಚಲೆಂದು ಚಿಟಿಕೆ ನೀಲಿಯನ್ನು ಕದಡಿ, ನೀರು ಚಿಮುಕಿಸಿದ ಗೋಡೆಗೆ ನಾರಿನ ಕುಂಚದಿಂದ ತೆಳ್ಳಗೆ ಎರಡು ಮೂರು ಸಲ ಬಳಿಯುತ್ತಾರೆ. ಬಳಿದಾಗ ಗೋಡೆಯು ಮಂಕಾಗಿ ಕಾಣುವುದು. ಒಣಗುತ್ತ ಬಂದ ಹಾಗೆ ಬೆಳ್ಳಗಾಗುವುದು. ಗಾಳಿಯೊಳಗಣ ಇಂಗಾಲದ ಅನಿಲವನ್ನು ಮರಳಿ ಹೀರಿಕೊಂಡು ಸುಣ್ಣವು ಪುನಃ ಕಲ್ಲಾಗುವುದೇ ಈ ಬಿಳುಪಿನ ರಹಸ್ಯ. ಬೆಂಕಿಯಲ್ಲಿ ಕಳೆದುಕೊಂಡದ್ದನ್ನು ಗೋಡೆಯ ಮೇಲೆ ಮರಳಿ ಪಡೆಯುವ ವಸ್ತುವಿದು. ಹಸಿಸುಣ್ಣದ ತೀಕ್ಷ್ಣವಾದ ಕ್ಷಾರಕ್ಕೆ ಬೂಷ್ಟು ನಿಲ್ಲಲಾರದು. ಅಲ್ಲದೆ ಸುಣ್ಣದ ಪದರವು ಗೋಡೆಯ ತೇವವನ್ನು ಒಳಗೆ ಕಟ್ಟಿಹಾಕದೆ ಹೊರಕ್ಕೆ ಬಿಡುವುದಾದುದರಿಂದ ಮಲೆನಾಡಿನ ಮಣ್ಣಿನ ಗೋಡೆಗೆ ಇದಕ್ಕಿಂತ ಹಿತವಾದ ಲೇಪವು ದುರ್ಲಭ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗುರೋಗವು 1898ರಲ್ಲಿ ಮೈಸೂರು ಸಂಸ್ಥಾನವನ್ನು ಹೊಕ್ಕಿತು. ಆ ಭಯದ ಕಾಲದಲ್ಲಿ ಮನೆಗಳಿಗೆ ಸುಣ್ಣ ಹೊಡೆಸುವುದು ಮುಂಬಯಿ ಮೊದಲಾದೆಡೆಗಳಲ್ಲಿ ಶುದ್ಧೀಕರಣದ ಮುಖ್ಯಕ್ರಮಗಳಲ್ಲಿ ಒಂದಾಯಿತು. ರೋಗವು ಇಲಿಯ ಮೈಮೇಲಣ ಚಿಗಟದಿಂದ ಹರಡುವುದೆಂದು ಪಾಲ್ ಲೂಯಿ ಸಿಮಾಂ ಎಂಬ ಫ್ರೆಂಚ್ ವೈದ್ಯನು ಅದೇ 1898ರಲ್ಲಿ ತೋರಿಸಿಕೊಟ್ಟನು. ಗೋಡೆಯ ಸುಣ್ಣಕ್ಕೆ ಅದನ್ನು ತಡೆಯುವ ಶಕ್ತಿಯು ಅಷ್ಟಾಗಿ ಇರಲಿಲ್ಲ. ಆದರೂ ಹಿಂದೆ ಇದ್ದವರ ರೋಗರುಜಿನಗಳು ಹೊಸಬರಿಗೆ ತಗುಲದಿರಲೆಂದು ಸುಣ್ಣ ಬಳಿದಲ್ಲದೆ ಮನೆಗೆ ಕಾಲಿಡಬಾರದೆಂಬ ಭಾವನೆಯು ಜನರಲ್ಲಿ ಬೇರೂರಿ ನಿಂತಿತು. ಬಾಡಿಗೆಯ ಮನೆಯ ಮಟ್ಟಿಗೆ ಇದು ದೊಡ್ಡ ಸಂಗತಿ. ಸುಣ್ಣ ಬಳಿದ ಗೋಡೆಯೆಂದರೆ ಹಿಂದಿನವರ ಲೆಕ್ಕವು ತೀರಿತು, ಹೊಸಬರ ಬಾಳು ಮೊದಲಾಯಿತು ಎಂಬುದರ ಗುರುತು.

ಬಾಡಿಗೆಯ ಮನೆಗಳು ಈ ಸೀಮೆಯಲ್ಲಿ ಹೆಚ್ಚಾದುದು ರೈಲು, ಕಾರ್ಖಾನೆ, ಕಚೇರಿಗಳ ಬೆನ್ನಿಗೆ. ಬೀರೂರಿನಿಂದ ಶಿವಮೊಗ್ಗೆಗೆ ರೈಲುದಾರಿಯು 1899ರಲ್ಲಿ ತೆರೆಯಿತು. ಹಿಂದೆ ಬೆಂಕಿಪುರವೆಂದು ಕರೆಯಿಸಿಕೊಂಡಿದ್ದ ಭದ್ರಾವತಿಯಲ್ಲಿ 1918ರಲ್ಲಿ ಕಬ್ಬಿಣದ ಕಾರ್ಖಾನೆಗೆ ಮೊದಲಾಗಿ, 1923ರಲ್ಲಿ ಕಬ್ಬಿಣವು ಹೊರಬಂದಿತು, ಸರ್. ಎಂ. ವಿಶ್ವೇಶ್ವರಯ್ಯನವರ ಹೆಸರು ಅದರೊಡನೆ ಸೇರಿಕೊಂಡಿರುವುದು ಸರ್ವವಿದಿತ. ಕಾಗದದ ಕಾರ್ಖಾನೆಯೂ 1930ರ ದಶಕದಲ್ಲಿ ಅಲ್ಲಿಯೇ ನೆಲೆಗೊಂಡಿತು. ಹುಟ್ಟಿದ ಊರನ್ನು ಬಿಟ್ಟು ಸಂಬಳಕ್ಕಾಗಿ ಬಂದ ಸಹಸ್ರಾರು ಜನರು ತಮ್ಮದಲ್ಲದ ಗೋಡೆಗಳ ನಡುವೆ ಬಾಳುವುದನ್ನು ಕಲಿತರು. ಕಾರ್ಖಾನೆಯ ವಸತಿಗೃಹಗಳಲ್ಲಿ ಕೆಲವರಿಗೆ ಆಶ್ರಯ ದೊರೆಯಿತು. ಉಳಿದವರಿಗೆ ಖಾಸಗಿಯವರ ವಠಾರಗಳೇ ಗತಿ. ಇಲ್ಲಿ ಒಂದು ಸ್ವಾರಸ್ಯವುಂಟು. ಆ ಕಾರ್ಖಾನೆಗೆ ಅದಿರು ಬರುತ್ತಿದ್ದುದು ಬಾಬಾಬುಡನ್ ಬೆಟ್ಟಸಾಲಿನ ಕೆಮ್ಮಣ್ಣುಗುಂಡಿಯಿಂದ. ಹಳ್ಳಿಯ ಹೆಂಗಸು ಗೋಡೆಗೆ ಬಳಿಯುವ ಕೆಮ್ಮಣ್ಣಿಗೆ ಕೆಂಪು ಬಂದಿರುವುದು ಕಬ್ಬಿಣದ ತುಕ್ಕಿನ ಅಂಶದಿಂದಲೇ. ಅದೇ ಕೆಂಪು ನೆಲವು ಒಂದು ಕಡೆ ಗೋಡೆಯ ಕಾರಣೆಯಾಯಿತು. ಇನ್ನೊಂದು ಕಡೆ ಕುಲುಮೆಯನ್ನು ಹೊಕ್ಕು ಕಬ್ಬಿಣವಾಗಿ, ಬಾಡಿಗೆಯ ಮನೆಗಳ ಊರೊಂದನ್ನೇ ಎಬ್ಬಿಸಿತು. ಕಟ್ಟಿಗೆಯನ್ನು ಬಟ್ಟಿಯಿಳಿಸಿ ಇದ್ದಿಲು, ಡಾಂಬರು ಮೊದಲಾದುವನ್ನು ತೆಗೆಯುವುದೂ ಆ ಕಾರ್ಖಾನೆಯ ಆರಂಭದ ಉದ್ದೇಶಗಳಲ್ಲಿ ಸೇರಿತ್ತು. ಮರಕ್ಕೆ ಗೆದ್ದಲು ಹಿಡಿಯದಂತೆ ಡಾಂಬರನ್ನೋ ಗೇರೆಣ್ಣೆಯನ್ನೋ ಬಳಿಯುವುದು ಮಲೆನಾಡಿನವರಿಗೆ ಹೊಸತಲ್ಲ.

ಸುಣ್ಣದ ಕಾಲದಲ್ಲಿ ಯಜಮಾನನಿಗೂ ಒಕ್ಕಲಿಗೂ ಬಣ್ಣದ ವಿಷಯದಲ್ಲಿ ಹೆಚ್ಚು ವಿವಾದಕ್ಕೆ ಎಡೆಯಿರಲಿಲ್ಲ. ಸುಣ್ಣವು ಅಗ್ಗ, ಬಳಿಯುವ ಕೆಲಸಕ್ಕೆ ಒಂದು ದಿನ ಸಾಕು, ಆರಿಸುವುದಕ್ಕೆ ಬಣ್ಣಗಳೇ ಇಲ್ಲ. ಹಬ್ಬಕ್ಕೆ ಯಜಮಾನನು ಬಳಿಸದಿದ್ದರೆ ಒಕ್ಕಲೇ ಬಳಿದುಕೊಳ್ಳುವನು. ಎಣ್ಣೆಯ ಬಣ್ಣಗಳು ಬಂದ ಮೇಲೆ ಈ ಸರಳತೆಯು ಕೆಟ್ಟಿತು. ಹೌರಾದಲ್ಲಿ ಶಾಲಿಮಾರ್ ಬಣ್ಣದ ಕಾರ್ಖಾನೆಯು 1902ರಲ್ಲಿ ಸ್ಥಾಪಿತವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯು ಆರಂಭವಾಯಿತು. ಕಾಡಿನ ಅರಗನ್ನು ಉಪಯೋಗಕ್ಕೆ ತರಲೆಂದು ಹುಟ್ಟಿದ ಈ ಸಂಸ್ಥೆಯು 1962ರ ಮಹಾಚುನಾವಣೆಯಿಂದೀಚೆಗೆ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಗಾಗಿ ಲೋಕವಿಖ್ಯಾತವಾಗಿದೆ. ಗೋಡೆಯ ಬಣ್ಣವು ಬೇಗ ಅಳಿಯದಿರಲೆಂದು ಕೋರುವ ಜನರಿಗೆ, ಎಂದಿಗೂ ಬೇಗ ಅಳಿಯಬಾರದ ಬಣ್ಣವೂ ಅಲ್ಲಿಂದಲೇ ಬರುತ್ತಿರುವುದು ಚೋದ್ಯ. ಮುಂಬಯಿಯ ಏಷಿಯನ್ ಪೇಂಟ್ಸ್ ಸಂಸ್ಥೆಯು 1942ರಲ್ಲಿ ಹುಟ್ಟಿತು. ಅದಕ್ಕಾಗಿ ಮೈಸೂರಿನವರಾದ ಆರ್. ಕೆ. ಲಕ್ಷ್ಮಣರು 1954ರಲ್ಲಿ ಬರೆದುಕೊಟ್ಟ ಬಣ್ಣದ ಡಬ್ಬಿಯ ಪೋರ ‘ಗಟ್ಟು’ವು ಅಂಗಡಿಯ ಬಣ್ಣವನ್ನು ಮಧ್ಯಮವರ್ಗದ ಮನೆಗಳ ಬಾಗಿಲಿಗೆ ತಂದಿತು.

ಅಂದಿನಿಂದ ಡಿಸ್ಟೆಂಪರ್, ಸಿಮೆಂಟಿನ ಬಣ್ಣ, ಎಮಲ್ಷನ್, ಎನಾಮಲ್ ಎಂಬ ಮಾತುಗಳು ಒಂದೊಂದಾಗಿ ಕನ್ನಡಕ್ಕೆ ಬಂದು ಸೇರಿದುವು. ಡಿಸ್ಟೆಂಪರ್ ಎಂಬುದು ಸೀಮೆಸುಣ್ಣದ ಪುಡಿಗೆ ಅಂಟನ್ನು ಕೂಡಿಸಿ ಮಾಡಿದುದು. ಅಗ್ಗವಾದುದು ಕೈಗೆ ಅಂಟುವುದು. ಎಮಲ್ಷನ್ ಎಂಬುದು ನೀರಿನಲ್ಲಿ ಕದಡಿ ಒಣಗಿದ ಮೇಲೆ ಅಂಟಾಗಿ ನಿಲ್ಲುವ ರಾಳದ ಲೇಪ. ಒದ್ದೆಬಟ್ಟೆಯಿಂದ ಒರಸಿದರೆ ತಡೆಯುವುದು. ಎನಾಮಲ್ ಎಂಬುದು ಹೊಳೆಯುವ ಎಣ್ಣೆಬಣ್ಣ; ಬಾಗಿಲು, ಕಿಟಕಿ, ಸರಳುಗಳಿಗೆ ಯೋಗ್ಯ. ಇವುಗಳಿಂದ ಆದ ಲಾಭವನ್ನು ಅಲ್ಲಗಳೆಯಲಾಗದು. ಅಡುಗೆಮನೆಯ ಮಸಿಯನ್ನು ತೊಳೆಯಬಹುದು, ಗೋಡೆಗೆ ಒರಗಿದರೆ ಬೆನ್ನು ಬಿಳಿಯಾಗುವುದಿಲ್ಲ. ಆದರೆ ಅವುಗಳೊಡನೆ ಬಂದ ನಷ್ಟವೂ ಅಲ್ಪವಲ್ಲ. ರಾಳ ಮತ್ತು ಎಣ್ಣೆಯ ಪದರಗಳು ಗೋಡೆಯ ತೇವವನ್ನು ಸುಣ್ಣದಂತೆ ಸುಲಭವಾಗಿ ಹೊರಬಿಡವು. ಮಳೆಗಾಲದಲ್ಲಿ ಬುಡದಲ್ಲಿ ಬೊಬ್ಬೆಯೆದ್ದು ಸುಲಿದು ಬೀಳುವುವು. ಎಲ್ಲಕ್ಕೂ ಮುಖ್ಯವಾದುದು ಇದು: ಒಂದು ಸಲ ಎಣ್ಣೆಯನ್ನೋ ರಾಳವನ್ನೋ ಬಳಿದ ಗೋಡೆಗೆ ಸುಣ್ಣವು ಮತ್ತೆ ಹಿಡಿಯದು, ಹಳೆಯ ಸುಣ್ಣದ ಮೇಲೆ ಕೆರೆಯದೆ ಬಳಿದ ಎಮಲ್ಷನ್ನೂ ಹಪ್ಪಳದಂತೆ ಏಳುವುದು. ಒಬ್ಬನು ಆರಿಸಿದ ಲೇಪವು ಅವನ ಅನಂತರ ಬರುವವರೆಲ್ಲರನ್ನೂ ಕಟ್ಟಿಹಾಕುವುದು. ಸುಣ್ಣದ ದಾರಿಯಲ್ಲಿ ಹಿಂದಿರುಗಬಹುದಿತ್ತು. ಹೊಸ ದಾರಿಯಲ್ಲಿ ಹಿಂದಿರುಗಬೇಕಾದರೆ ಗೋಡೆಯ ಚರ್ಮವನ್ನೇ ಸುಲಿಯಬೇಕು.

ಹಳೆಯ ಎಣ್ಣೆಬಣ್ಣಗಳಲ್ಲಿ, ವಿಶೇಷವಾಗಿ ಉಜ್ಜ್ವಲವಾದ ಹಳದಿ, ಕೆಂಪುಗಳಲ್ಲಿ, ಸೀಸವಿರುತ್ತಿತ್ತೆಂಬುದನ್ನೂ ಇಲ್ಲಿ ಹೇಳಬೇಕು. ಸೀಸವು ಎಳೆಯ ಮಕ್ಕಳ ಬುದ್ಧಿಯ ಬೆಳವಣಿಗೆಗೆ ಹಾನಿಕರ. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂದು ಭಾರತಸರಕಾರವು 2016ರಲ್ಲಿ ನಿಯಮವನ್ನು ಮಾಡಿ, 2017ರ ನವೆಂಬರಿನಿಂದ ಅದನ್ನು ಜಾರಿಗೆ ತಂದಿತು. ಅದಕ್ಕೆ ಮುಂಚಿನ ಬಣ್ಣವಿರುವ ಬಾಗಿಲು ಕಿಟಕಿಗಳನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸುವುದು ಅಪಾಯಕರ. ನೀರು ಹಾಕಿ ತೋಯಿಸಿ ಉಜ್ಜಿ, ಧೂಳನ್ನು ಒದ್ದೆಬಟ್ಟೆಯಿಂದ ತೆಗೆದು, ಆ ಸಮಯದಲ್ಲಿ ಮಕ್ಕಳನ್ನು ದೂರವಿಡುವುದು ಕ್ಷೇಮ. ಬಾಡಿಗೆಯ ಮನೆಗೆ ಯಾರ ಮಕ್ಕಳು ಬರುವರೋ ಯಜಮಾನನಿಗೆ ತಿಳಿಯದು. ತಿಳಿಯದಿರುವ ಕಾರಣದಿಂದಲೇ ಅವನ ಹೊಣೆಯು ಹೆಚ್ಚು.

ಈ ಚರಿತ್ರೆಯ ಬೆಳಕಿನಲ್ಲಿ ನೋಡಿದರೆ, ಬಾಡಿಗೆಗೆ ಕೊಡುವ ಮನೆಗೆ ಬಣ್ಣವನ್ನು ಆರಿಸುವ ಕ್ರಮವು ತಾನಾಗಿಯೇ ತೋರಿಬರುವುದು. ಮೊದಲನೆಯದು ಭಿತ್ತಿಯ ಸಂಸ್ಕಾರ: ಸೋರುವ ಹೆಂಚನ್ನೂ ಬುಡದ ತೇವವನ್ನೂ ಸರಿಪಡಿಸದೆ ಬಳಿದ ಬಣ್ಣವು ಹಣದ ದಂಡ. ಹೊಸದಾಗಿ ಸಿಮೆಂಟಿನ ಗಾರೆ ಮಾಡಿದ ಗೋಡೆಯನ್ನು ಕೆಲವು ವಾರಗಳಾದರೂ ಒಣಗಲು ಬಿಡಬೇಕು. ಇಲ್ಲವಾದರೆ ಗಾರೆಯ ಕ್ಷಾರವು ಎಣ್ಣೆಬಣ್ಣವನ್ನು ತಿಂದುಹಾಕುವುದು. ಎರಡನೆಯದು ಬೆಳಕು: ಒಳ್ಳೆಯ ಬಿಳಿಯ ಗೋಡೆಯು ತನ್ನ ಮೇಲೆ ಬಿದ್ದ ಬೆಳಕಿನ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲನ್ನು ಹಿಂದಿರುಗಿಸುವುದು. ಮಳೆಗಾಗಿ ಸೂರನ್ನು ಮುಂಚಾಚಿ, ಕಿಟಕಿಗಳನ್ನು ಚಿಕ್ಕದಾಗಿಸಿರುವ ಮಲೆನಾಡಿನ ಮನೆಗಳಲ್ಲಿ ನಡುಮನೆಗೂ ಒಳಕೋಣೆಗೂ ಬಿಳಿ, ಕೆನೆಬಣ್ಣ, ತಿಳಿಹಳದಿಗಳೇ ಯುಕ್ತ. ಗಾಢವಾದ ನೀಲಿ, ನೇರಿಳೆ, ಹಸುರುಗಳನ್ನು ಇಷ್ಟಪಡುವವರು ಸ್ವಂತ ಮನೆಯಲ್ಲಿ ಬಳಿದುಕೊಳ್ಳಲಿ. ಯಾರ ಕಣ್ಣಿಗೆ ಯಾವುದು ಹಿತವೋ ಬಲ್ಲವರಾರು? ತಿಳಿಬಣ್ಣದ ಗೋಡೆಯು ಹೊಸಬನ ಪಟ, ಪರದೆ, ದೇವರ ಮಂಟಪಗಳಿಗೆ ಎಡೆಕೊಟ್ಟು ಸುಮ್ಮನಿರುವುದು.

ಮೂರನೆಯದು ಮೆರುಗು. ಮಂದವಾದ ಮೈಯುಳ್ಳ ಬಣ್ಣವು ಗೋಡೆಯ ಏರುತಗ್ಗುಗಳನ್ನು ಮರೆಸುವುದಲ್ಲದೆ, ಕಲೆ ಬಿದ್ದ ಎಡೆಗೆ ಮಾತ್ರ ಮತ್ತೆ ಬಳಿದರೆ ತೇಪೆಯು ಅಷ್ಟಾಗಿ ಕಾಣದು. ಹೊಳೆಯುವ ಬಣ್ಣವನ್ನು ತೊಳೆಯಬಹುದು. ಆದರೆ ಗೋಡೆಯ ಪ್ರತಿಯೊಂದು ಓರೆಕೋರೆಯನ್ನೂ ಅದು ಸಾರಿ ಹೇಳುವುದು, ತೇಪೆಯನ್ನು ಮರೆಮಾಡದು. ಆದುದರಿಂದ ನಡುಮನೆ, ಮಲಗುವ ಕೋಣೆಗಳಿಗೆ ಮಂದವಾದುದೂ, ಅಡುಗೆಯ ಮನೆಗೂ ಓಡಾಡುವ ಇಕ್ಕಟ್ಟಾದ ಜಾಗಕ್ಕೂ ತೊಳೆಯಲು ಬರುವ ನಸುಮೆರುಗಿನದೂ, ಮರಕ್ಕೂ ಕಬ್ಬಿಣಕ್ಕೂ ಎನಾಮಲ್ಲೂ ತಕ್ಕವು. ಗೋಡೆಯ ಕೆಳಭಾಗದಲ್ಲಿ, ಜನರು ಒರಗುವಷ್ಟು ಎತ್ತರಕ್ಕೆ, ಹಳೆಯ ಕಾರಣೆಯಂತೆ ಕೊಂಚ ಗಾಢವಾದ, ತೊಳೆಯಬಲ್ಲ ಪಟ್ಟಿಯನ್ನು ಎಳೆಯಿಸಿದರೆ ವರ್ಷವರ್ಷವೂ ಇಡೀ ಗೋಡೆಯನ್ನು ಬಳಿಯುವ ತೊಂದರೆಯು ತಪ್ಪುವುದು. ಮಣ್ಣಿನ ಅಥವಾ ಹಳೆಯ ಸುಣ್ಣದ ಗಾರೆಯ ಗೋಡೆಗೆ ಮಾತ್ರ ಸುಣ್ಣವನ್ನೇ ಮುಂದುವರಿಸುವುದು ಲೇಸು. ನಾಲ್ಕನೆಯದು, ಎಲ್ಲ ಕೋಣೆಗಳಿಗೂ ಒಂದೇ ಬಣ್ಣವನ್ನು ಆರಿಸಿ, ಅದರ ಹೆಸರನ್ನೂ ಸಂಖ್ಯೆಯನ್ನೂ ಬರೆದಿಟ್ಟು, ಉಳಿದ ಡಬ್ಬಿಯನ್ನು ಮುಚ್ಚಿ ಜೋಪಾನಮಾಡುವುದು. ಒಕ್ಕಲು ಬದಲಾದಾಗ ಅದರಿಂದ ಆಗುವ ಉಪಕಾರವು ಬಲ್ಲವರಿಗೇ ಗೊತ್ತು.

ಇನ್ನು ಉಳಿದಿರುವುದು ಹೊರೆಯ ಪ್ರಶ್ನೆ. ಒಕ್ಕಲು ಮನೆಯನ್ನು ಬಿಡುವಾಗ ಬಣ್ಣದ ಬಾಬ್ತೆಂದು ಒಂದು ತಿಂಗಳ ಬಾಡಿಗೆಯನ್ನು ಮುಂಗಡದಿಂದ ಮುರಿದುಕೊಳ್ಳುವ ರೂಢಿಯು ಕರ್ಣಾಟಕದ ಪಟ್ಟಣಗಳಲ್ಲಿ ಬಹಳ ಹರಡಿದೆ. ಎರಡು ವರ್ಷ ಇದ್ದವನಿಗೂ ಹತ್ತು ವರ್ಷ ಇದ್ದವನಿಗೂ, ಗೋಡೆಯನ್ನು ಜೋಪಾನವಾಗಿ ನೋಡಿಕೊಂಡವನಿಗೂ ಕೆಡಿಸಿದವನಿಗೂ ಒಂದೇ ದಂಡ. ಮಿತವಾದ ಸಂಬಳದಲ್ಲಿ ಬಾಳುವ ಸಂಸಾರಕ್ಕೆ ಒಂದು ತಿಂಗಳ ಬಾಡಿಗೆಯೆಂದರೆ ಮುಂದಿನ ಮನೆಗೆ ಸಾಮಾನು ಸಾಗಿಸುವ ಹಣ, ಮಕ್ಕಳ ಶಾಲೆಯ ಹಣ. 1882ರ ಸ್ವತ್ತು ವರ್ಗಾವಣೆಯ ಶಾಸನದ 108ನೆಯ ಕಲಮು ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಬಾಡಿಗೆದಾರನು ಸ್ವತ್ತನ್ನು ಪಡೆದಾಗ ಇದ್ದಷ್ಟೇ ಒಳ್ಳೆಯ ಸ್ಥಿತಿಯಲ್ಲಿ ಹಿಂದಿರುಗಿಸಬೇಕು, ಆದರೆ ನ್ಯಾಯವಾದ ಬಳಕೆಯಿಂದ ಆಗುವ ಸವೆತಕ್ಕೆ ಅವನು ಹೊಣೆಯಲ್ಲ. ಯಜಮಾನನು ತಾನು ಮಾಡಬೇಕಾದ ದುರಸ್ತಿಯನ್ನು, ತಿಳಿಸಿದ ಮೇಲೆಯೂ, ಯುಕ್ತವಾದ ಕಾಲದಲ್ಲಿ ಮಾಡದಿದ್ದರೆ ಬಾಡಿಗೆದಾರನೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದೆಂದೂ ಅದೇ ಕಲಮು ಹೇಳುವುದು. ಕೇಂದ್ರಮಂತ್ರಿಮಂಡಲವು 2021ರ ಜೂನ್ ತಿಂಗಳಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾನೂನಿನ ಅನುಬಂಧದಲ್ಲಿ ಗೋಡೆಗೆ ಸುಣ್ಣ ಹೊಡೆಸುವುದೂ ಬಾಗಿಲು ಕಿಟಕಿಗಳಿಗೆ ಬಣ್ಣ ಬಳಿಸುವುದೂ ಯಜಮಾನನ ಪಾಲಿನ ಕೆಲಸಗಳಾಗಿ ಹೇಳಲ್ಪಟ್ಟಿವೆ. ಅದು ಮಾದರಿ ಮಾತ್ರ; ರಾಜ್ಯಗಳು ಶಾಸನವಾಗಿ ಮಾಡಿಕೊಂಡಲ್ಲದೆ ಅದಕ್ಕೆ ಬಲವಿಲ್ಲ. ಹಳೆಯ ಶಾಸನವೂ ಕರಾರಿಗೆ ಮತ್ತು ಸ್ಥಳದ ರೂಢಿಗೆ ಎಡೆಕೊಟ್ಟಿದೆ. ಆದುದರಿಂದ ಬಣ್ಣದ ಮಾತು ಕರಾರುಪತ್ರದಲ್ಲಿ ಬಾಯಿಬಿಟ್ಟು ಬರೆಯಲ್ಪಡುವುದು ಎರಡು ಪಕ್ಷಗಳಿಗೂ ಕ್ಷೇಮಕರ: ಮನೆಯನ್ನು ಕೊಟ್ಟಾಗ ಗೋಡೆ ಹೇಗಿತ್ತು, ಯಾವ ಲೇಪವಿತ್ತು, ಎಷ್ಟು ವರ್ಷಕ್ಕೊಮ್ಮೆ ಯಾರು ಬಳಿಸಬೇಕು, ಒಕ್ಕಲು ಬೇರೆ ಬಣ್ಣವನ್ನು ಬಯಸಿದರೆ ಏನು.

ಈ ವಿವಾದದ ಮೂಲವನ್ನು ಹುಡುಕಿದರೆ ಅದು ಹಣದಲ್ಲಿಲ್ಲ, ಕಾಲದ ಎಣಿಕೆಯಲ್ಲಿದೆ. ಸುಣ್ಣವು ವರ್ಷಕ್ಕೊಮ್ಮೆ ಸವೆಯುವುದೆಂದು ಎಲ್ಲರೂ ಒಪ್ಪಿದ್ದರು. ಸವೆದುದಕ್ಕಾಗಿ ಯಾರೂ ಯಾರನ್ನೂ ದೂರುತ್ತಿರಲಿಲ್ಲ. ಅಂಗಡಿಯ ಬಣ್ಣವು ಸವೆಯುವುದಿಲ್ಲವೆಂಬ ಭರವಸೆಯೊಡನೆ ಮಾರಲ್ಪಡುವುದರಿಂದ, ಸವೆದಾಗ ಅದು ಯಾರದೋ ಅಪರಾಧವೆಂಬಂತೆ ತೋರುತ್ತದೆ. ಗೋಡೆಯ ಮೇಲೆ ಮಗುವೊಂದು ಎತ್ತರ ಅಳೆದುಕೊಂಡ ಗೆರೆಯು ಸ್ವಂತ ಮನೆಯಲ್ಲಿ ನೆನಪಾಗುವುದು, ಬಾಡಿಗೆಯ ಮನೆಯಲ್ಲಿ ದಂಡವಾಗುವುದು. ಮನೆಯನ್ನು ಬಾಡಿಗೆಗೆ ಕೊಡುವುದೆಂದರೆ ಅದರೊಳಗೆ ಜನರು ಬಾಳಲೆಂದು ಕೊಡುವುದು. ಬಾಳಿದ ಗುರುತು ಬೀಳುವುದು ಸಹಜ. ಬಿದ್ದುದನ್ನು ಸುಲಭವಾಗಿ ಸರಿಪಡಿಸಲಾಗುವಂತಹ ಲೇಪವನ್ನು ಮೊದಲೇ ಆರಿಸುವುದು ಯಜಮಾನನ ವಿವೇಕ. ಗೋಡೆಯನ್ನು ತನ್ನದೆಂಬಂತೆ ನೋಡಿಕೊಳ್ಳುವುದು ಒಕ್ಕಲಿನ ಮರ್ಯಾದೆ. ಕಲೆಯನ್ನು ಎಂದೆಂದಿಗೂ ತಡೆಯುವ ಬಣ್ಣವನ್ನು ಹುಡುಕುವುದಕ್ಕಿಂತ, ಹೊಸಬರು ಬಂದಾಗಲೆಲ್ಲ ತಿಳಿಯಾದ ಒಂದು ಕೈ ಬಳಿಸಿ ಬಾಗಿಲನ್ನು ತೆರೆಯುವುದು ಹಿಂದಿನವರ ಪದ್ಧತಿ. ಆ ಪದ್ಧತಿಯಲ್ಲಿ ಖರ್ಚೂ ಕಡಿಮೆ, ಮನಸ್ತಾಪವೂ ಕಡಿಮೆ.